ಅಕೇಲಾನ ಪ್ಲೇಟು ಕೇಳಿದ ವರ್ಷ

ಕಳೆದ ತಿಂಗಳು ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ನ್ಯಾಮತಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಮೊಬೈಲ್ ರಿಪೇರಿ ಅಂಗಡಿಯಿಂದ ರಾಳದ ಹೊಗೆ ಬಂದು ಮೂಗಿಗೆ ಬಡಿಯಿತು. ಬೆಸುಗೆ ಹಾಕುವಾಗ ಏಳುವ ಹೊಗೆ ಅದು. ಕೆಲವರಿಗೆ ಅದರಿಂದ ತಲೆನೋವು ಬರುತ್ತದಂತೆ. ನನಗೆ ಎಂಬತ್ತೆರಡನೆಯ ಇಸವಿಯ ಚನ್ನಗಿರಿ ಬಂತು. ಬಸ್ಸೂ ಬಂತು, ನಿಂತಿತು, ಹೋಯಿತು. ಹತ್ತಬೇಕೆಂದು ನೆನಪೇ ಆಗಲಿಲ್ಲ. ಮೂವತ್ತಾರು ವರ್ಷ ಗಣಿತ ಹೇಳಿಕೊಟ್ಟು, ಒಂದು ನಿಮಿಷ ತಡವಾಗಿ ಬಂದ ಹುಡುಗಿಯರನ್ನೂ ಬಾಗಿಲಲ್ಲಿ ನಿಲ್ಲಿಸಿದವಳು ನಾನು. ಕಣ್ಣೆದುರಿನ ಬಸ್ಸು ತಪ್ಪಿಸಿಕೊಂಡೆ ಎಂದರೆ ನನ್ನ ಶಿಷ್ಯೆಯರು ಯಾರೂ ನಂಬಲಿಕ್ಕಿಲ್ಲ.

ನಾನು ಜಗಳೂರಿನವಳು. ಅದಕ್ಕೂ ಐದಾರು ವರ್ಷ ಮೊದಲು ನೌಕರಿ ಸಿಕ್ಕಿದ್ದು ಚನ್ನಗಿರಿಯ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ. ಬಾಡಿಗೆಗೆ ಹಿಡಿದ ಕೋಣೆ ಮಹಡಿಯ ಮೇಲೆ. ಕೆಳಗೆ ಖಲೀಲ್ ಸಾಹೇಬರ ಮೈಕ್‌ಸೆಟ್ ಅಂಗಡಿ, ಅದರ ಹಿಂದೆಯೇ ಅವರ ಮನೆ. ಸಾಹೇಬರ ಹೆಂಡತಿ ಜುಬೇದಕ್ಕ ಮೊದಲ ದಿನವೇ ಕೊಡ ನೀರು ತಂದಿಟ್ಟು, ‘ಒಬ್ರೇ ಅದೀರಿ, ಬಾಗ್ಲು ಗಟ್ಟಿ ಐತೆ, ನಾವು ಕೆಳಗೇ ಇರ್ತೀವಿ’ ಎಂದು ಹೇಳಿ ಹೋದರು. ಜಗಳೂರಿನಲ್ಲಿ ನಮ್ಮಮ್ಮನಿಗೆ ಇದನ್ನು ಕಾಗದದಲ್ಲಿ ಬರೆದ ಮೇಲೆಯೇ ಆಕೆ ನೆಮ್ಮದಿಯಿಂದ ಉಂಡದ್ದು.

ಸಾಹೇಬರಿಗೆ ಆಗ ಐವತ್ತು ದಾಟಿತ್ತು. ನ್ಯಾಮತಿ, ಸಾಸ್ವೆಹಳ್ಳಿ, ಸೂಳೆಕೆರೆ ಸುತ್ತಿನ ಹಳ್ಳಿಗಳು, ಎಲ್ಲಿ ಲಗ್ನವಾದರೂ ಚಪ್ಪರದ ಗಳಕ್ಕೆ ಕಟ್ಟುತ್ತಿದ್ದುದು ಅವರ ಹಾರ್ನೇ. ಬೆಳಗಿನ ಜಾವ ಶುರುವಾದ ಹಾಡು ಹೆಣ್ಣೊಪ್ಪಿಸುವ ತನಕ ನಿಲ್ಲುವಂತಿರಲಿಲ್ಲ. ಹಾರ್ನಿನ ಬುಡದಲ್ಲಿ ಆಂಪ್ಲಿಫೈಯರಿನ ಪೆಟ್ಟಿಗೆ, ಬ್ಯಾಟರಿ, ಪ್ಲೇಟ್ ತಿರುಗಿಸುವ ಮೆಷಿನ್ನು. ಅದರ ಪಕ್ಕ ಅವರು. ಇಪ್ಪತ್ತೈದು ವರ್ಷ ಹಾಗೆ ಕೂತವರು. ಮಾತಾಡಿಸಿದರೆ ಕಿವಿಗೆ ಅಂಗೈ ಅಡ್ಡ ಹಿಡಿದು ‘ಆಂ?’ ಎನ್ನುತ್ತಿದ್ದರು. ಮೈಕ್‌ಸೆಟ್ಟಿನವರೆಲ್ಲ ಹಾಗೇ ಎಂದು ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಆಷಾಢದಲ್ಲಿ ಲಗ್ನಗಳಿಲ್ಲ. ಇಡೀ ತಿಂಗಳು ಅಂಗಡಿ ಖಾಲಿ. ಆ ಬಿಡುವಿನಲ್ಲಿ ಸಾಹೇಬರು ದಾವಣಗೆರೆಗೆ ಹೋಗಿ, ಮುಚ್ಚಿಹೋದ ಹೋಟೆಲೊಂದರ ಹಳೆಯ ಪ್ಲೇಟುಗಳನ್ನು ಮೂಟೆ ಕಟ್ಟಿ ತಂದರು. ಗ್ರಾಮಫೋನ್ ರೆಕಾರ್ಡಿಗೆ ನಮ್ಮ ಕಡೆ ಪ್ಲೇಟೆಂದೇ ಹೆಸರು. ಭಾನುವಾರ ಮಧ್ಯಾಹ್ನ ಜಿಟಿಜಿಟಿ ಮಳೆ. ಕೆಳಗಿನಿಂದ ಕೂಗಿದರು.

‘ಟೀಚರಮ್ಮಾ, ಸ್ವಲ್ಪ ಬರ್ರಿ. ಇದ್ರ ಮ್ಯಾಲೆ ಏನು ಬರ್ದೈತೆ ನೋಡ್ರಿ. ಹಾಡೋರ ಫೋಟೋನೇ ಇಲ್ಲ.’

ಹೊದಿಕೆಯ ಮೇಲೆ ಹಿಮದ ಬಯಲು, ನಡುವೆ ಒಂದೇ ಒಂದು ಮರದ ಕುರ್ಚಿ. ಹಿಂಬದಿಯಲ್ಲಿದ್ದ ಇಂಗ್ಲಿಷನ್ನು ಬಿಡಿಸಿ ಓದಿ ಹೇಳಿದೆ. ಐದು ಜನರ ದೊಡ್ಡ ರಾಕ್ ತಂಡದಲ್ಲಿ ಕೀಬೋರ್ಡು ನುಡಿಸುತ್ತಿದ್ದವನು ಇವನು. ಒಂದು ವರ್ಷ ತಂಡದಿಂದ ಬಿಡುವು ತೆಗೆದುಕೊಂಡು ಈ ಪ್ಲೇಟನ್ನು ಒಬ್ಬನೇ ಮಾಡಿದ್ದಾನೆ. ಆರ್ಗನ್ನು, ಗಿಟಾರು, ಡ್ರಮ್ಮು, ಕೊಳಲು, ಎಲ್ಲ ಅವನೇ. ಒಂದನ್ನು ನುಡಿಸಿ ಅದರ ಮೇಲೆ ಇನ್ನೊಂದನ್ನು ಕೂಡಿಸಿದ್ದಾನೆ. ಮಾತಿಲ್ಲ, ಹಾಡಿಲ್ಲ. ಮೊದಲ ಮಗ್ಗುಲು ಪೂರ್ತಿ ಒಂದೇ ಕೃತಿ.

‘ಐದು ಮಂದಿ ಇದ್ರೂ ಒಬ್ನೇ ಕುಂತು ಮಾಡ್ಯಾನಾ? ಅಯ್ಯೋ, ಅಕೇಲಾ’ ಎಂದರು ಸಾಹೇಬರು. ಅವರ ಮಾತಿನಲ್ಲಿ ಒಂಟಿ ಎಂದರ್ಥ. ಅವತ್ತಿನಿಂದ ಅವನು ಅಕೇಲಾ. ನಿಜವಾದ ಹೆಸರು ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿತ್ತು. ಆದರೆ ಅದು ನಮ್ಮ ಬಾಯಿಗೆ ಹತ್ತಲಿಲ್ಲ. ಈಗ ಎಲ್ಲಾದರೂ ಆ ಹೆಸರು ಕಂಡರೆ ಬೇರೆ ಯಾರದೋ ಹೆಸರೆನಿಸುತ್ತದೆ.

ಮೊದಲ ಸಲ ಕೇಳಿದಾಗ ನನಗೆ ಅಷ್ಟೇನೂ ಹಿಡಿಸಲಿಲ್ಲ. ಇವನಿಗೆ ಯಾಕಿಷ್ಟು ಅವಸರ ಎನಿಸಿತು. ಮುಂದಿನ ಭಾನುವಾರ ಕೇಳಿದಾಗ ಸಂಗೀತ ಶಾಂತವಾಗಿತ್ತು, ಗಂಭೀರವಾಗಿತ್ತು. ನನ್ನ ಕಿವಿ ಪಳಗಿತು ಎಂದುಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪೆದ್ದಿ!

ಮೂರನೆಯ ಭಾನುವಾರ ರುದ್ರಪ್ಪ ಮೇಷ್ಟ್ರು ಸೇರಿಕೊಂಡರು. ಗೋವಿನಕೋವಿಯವರು, ನಿವೃತ್ತ ಕನ್ನಡ ಪಂಡಿತರು, ಆಗ ಚನ್ನಗಿರಿಯಲ್ಲಿ ಮಗಳ ಮನೆಯಲ್ಲಿದ್ದರು. ಸುತ್ತಮುತ್ತ ಎಲ್ಲೇ ಗಮಕ ನಡೆದರೂ ಅರ್ಥ ಹೇಳಲು ಅವರೇ ಬೇಕು. ಒಬ್ಬರು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸಬೇಕು, ಇನ್ನೊಬ್ಬರು ಅದನ್ನು ಬಿಡಿಸಿ ಹೇಳಬೇಕು, ಆಮೇಲೆ ಮುಂದಿನ ಪದ್ಯ. ಹೀಗೆ ನಲವತ್ತು ವರ್ಷ ಬಿಡಿಸಿ ಹೇಳಿದವರು. ರೇಡಿಯೋ ರಿಪೇರಿಗೆಂದು ಬಂದು, ಅಕೇಲಾನ ಆರ್ಗನ್ನು ಕೇಳುತ್ತ ಬಾಗಿಲಲ್ಲೇ ನಿಂತರು. ನಾನು ಬೆರಳಲ್ಲಿ ತಾಳ ಎಣಿಸುತ್ತಿದ್ದೆ. ನಾಲ್ಕಕ್ಕೆ ಎಣಿಸಿದರೆ ಮೂರು ಉಳಿಯುತ್ತಿತ್ತು, ಮೂರಕ್ಕೆ ಎಣಿಸಿದರೆ ಒಂದು. ನನ್ನ ಒದ್ದಾಟ ನೋಡಿ ಮೇಷ್ಟ್ರು ಕೂಗಿದರು.

‘ಏಳಮ್ಮ, ಏಳು! ಮೂರು ನಾಲ್ಕು, ಮೂರು ನಾಲ್ಕು. ಭಾಮಿನಿ ಷಟ್ಪದಿ ಇದು! ಇವ್ನಿಗ್ಯಾರು ಹೇಳ್ಕೊಟ್ರು?’

ಅಲ್ಲಿಂದ ಮುಂದೆ ನಮ್ಮ ಕೇಳುವಿಕೆಗೊಂದು ಪದ್ಧತಿ ಬಂತು. ಪ್ಲೇಟು ಒಂದೆರಡು ನಿಮಿಷ ಓಡಿದ ಮೇಲೆ ಮೇಷ್ಟ್ರು ಕೈ ಎತ್ತುತ್ತಿದ್ದರು. ಸಾಹೇಬರು ಮುಳ್ಳನ್ನು ಎತ್ತಿ ಹಿಡಿಯುತ್ತಿದ್ದರು. ಮೇಷ್ಟ್ರು ಅರ್ಥ ಹೇಳುತ್ತಿದ್ದರು. ‘ಇಲ್ಲಿ ನೋಡ್ರಿ, ಮನೆ ಬಾಗ್ಲು ಹಾಕ್ಕೊಂಡು ಹೊರಟಾನೆ. ಹಿಂದೆ ತಿರುಗಿ ನೋಡ್ತಾನೆ. ಯಾರೂ ಕರೆಯಲ್ಲ.’

‘ಅಲ್ರಿ ಮೇಷ್ಟ್ರೆ’ ಎಂದು ಸಾಹೇಬರು ಅಡ್ಡ ಬರುತ್ತಿದ್ದರು. ‘ಹೆಗಲ ಮ್ಯಾಲೆ ಭಾರ ಐತೆ ಅವ್ನಿಗೆ. ಸೂಳೆಕೆರೆ ಏರಿ ಮ್ಯಾಲೆ ಗಾಡಿ ಅಚ್ಚು ಮುರಿದು ಬ್ಯಾಟ್ರಿ ಹೊತ್ಕಂಡು ಹೋಗಿದ್ದೆ, ಥೇಟ್ ಹಂಗೇ ನಡೀತಾನೆ. ಹೊತ್ತೋರಿಗೆ ಗೊತ್ತು.’

‘ಪಂಡಿತ ನಾನೋ ನೀವೋ?’

‘ಪಂಡಿತ್ರು ನೀವೇ. ಬ್ಯಾಟ್ರಿ ಹೊತ್ತೋನು ನಾನು.’

ಈ ಜಗಳಗಳಲ್ಲಿ ಒಂದು ಮಗ್ಗುಲು ಮುಗಿಯಲು ಎರಡು ತಾಸು ಹಿಡಿಯುತ್ತಿತ್ತು. ನಾನು ತಾಳ ಎಣಿಸಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಶಾಲೆಯಲ್ಲಿ ಸಹೋದ್ಯೋಗಿಗಳು, ‘ಮೈಕ್‌ಸೆಟ್ ಅಂಗಡಿಯಲ್ಲಿ ಟೀಚರಮ್ಮನಿಗೇನು ಕೆಲಸ’ ಎಂದು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಆಡಿಕೊಳ್ಳಲಿ ಎಂದು ಬಿಟ್ಟೆ. ಶ್ರಾವಣ ಬಂದು ಲಗ್ನಗಳು ಶುರುವಾದ ಮೇಲೂ ಮುಹೂರ್ತವಿಲ್ಲದ ಭಾನುವಾರಗಳನ್ನು ನಾವು ಮೂವರೂ ಪಂಚಾಂಗದಲ್ಲಿ ಹುಡುಕಿ ಇಟ್ಟುಕೊಳ್ಳುತ್ತಿದ್ದೆವು.

ದೀಪಾವಳಿಯ ಹೊತ್ತಿಗೆ ಮೇಷ್ಟ್ರಿಗೊಂದು ಹಟ ಹತ್ತಿತು. ‘ಅರ್ಥ ಹೇಳಿದ್ದನ್ನ ಓದಿದೋರೂ ಕೇಳ್ಬೇಕು, ಅದೇ ಮರ್ಯಾದೆ. ಅಕೇಲಾನಿಗೆ ಕಾಗ್ದ ಬರೀರಿ ತಾಯಿ. ಚನ್ನಗಿರಿಯಾಗೆ ಮೂರು ಮಂದಿ ಹಿಂಗೆ ಕೇಳಿದ್ರು ಅಂತ ಅವ್ನಿಗೆ ಗೊತ್ತಾಗ್ಲಿ.’ ಹೊದಿಕೆಯ ಮೇಲೆ ಕಂಪನಿಯ ವಿಳಾಸವಿತ್ತು. ನಾನು ಬರೆಯಲು ಒಪ್ಪಿಕೊಂಡೆ, ಆದರೆ ಒಂದು ಷರತ್ತು ಹಾಕಿದೆ. ‘ನಮಗೆ ಆ ಜಾಗ ಇಷ್ಟವಾಯಿತು, ಈ ಜಾಗ ಇಷ್ಟವಾಯಿತು’ ಎಂದು ಹಾರಿಕೆಯಾಗಿ ಬರೆಯುವುದಿಲ್ಲ. ಎಷ್ಟನೆಯ ನಿಮಿಷ ಎಂದು ಹೇಳಿಯೇ ಬರೆಯುವುದು. ಅದಕ್ಕೆ ಒಂದು ದಿನ ನಿಲ್ಲಿಸದೆ ಕೇಳಬೇಕು, ನಡುವೆ ಅರ್ಥ ಹೇಳುವಂತಿಲ್ಲ.

ಧನುರ್ಮಾಸದಲ್ಲೂ ಲಗ್ನಗಳಿಲ್ಲ. ಭತ್ತದ ಹುಲ್ಲಿನ ಗಾಡಿಗಳು ಬೀದಿಯಲ್ಲಿ ಸಾಲುಗಟ್ಟಿ ಹೋಗುತ್ತಿದ್ದ ದಿನಗಳು. ಅವು ದಾಟಿಹೋಗುವುದನ್ನು ಕಾದು ಸಾಹೇಬರು ಮುಳ್ಳು ಇಳಿಸಿದರು. ನಾನು ಕೈಗಡಿಯಾರ ನೋಡಿದೆ. ಹೊದಿಕೆಯ ಮೇಲೆ ಮೊದಲ ಮಗ್ಗುಲಿಗೆ ಇಪ್ಪತ್ತೊಂದು ನಿಮಿಷ ಎಂದು ಅಚ್ಚಾಗಿತ್ತು. ಇಪ್ಪತ್ತೊಂದಾಯಿತು, ಇಪ್ಪತ್ತಮೂರಾಯಿತು. ಅಕೇಲಾ ಇನ್ನೂ ಭಾರ ಹೊತ್ತು ನಡೆಯುತ್ತಲೇ ಇದ್ದ. ಮುಳ್ಳು ನಡುವಿಗೆ ಬಂದು ನಿಂತಾಗ ಇಪ್ಪತ್ತಾರು.

‘ಅವರ ದೇಶದ ಗಡಿಯಾರ ಬ್ಯಾರೆ ಇರಬಹುದು’ ಎಂದರು ಮೇಷ್ಟ್ರು.

ನನಗೆ ನಗು ಬರಲಿಲ್ಲ. ಪ್ಲೇಟಿನ ನಡುವಿನ ಕಾಗದಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು ತಿರುಗಿಸಿ ಎಣಿಸಿದೆ. ಮೂರು ನಿಮಿಷಕ್ಕೆ ನೂರು ಸುತ್ತು ಸುತ್ತಬೇಕಾದ್ದು ಎಂಬತ್ತೊಂದಕ್ಕೇ ನಿಂತಿತು. ಬ್ಯಾಟರಿ ಇಳಿದಿದೆಯೇನೋ ಎಂದು ನೋಡಿದರೆ ಅದು ತುಂಬಿದ ಬ್ಯಾಟರಿ. ಮೆಷಿನ್ನನ್ನು ಎತ್ತಿ ಅಡಿ ನೋಡಿದೆ. ಮೋಟರಿನ ಬೆನ್ನಿಗಿದ್ದ ವೇಗದ ತಿರುಪನ್ನು ತಿರುವಿ, ಅದು ಜರುಗದ ಹಾಗೆ ಮೇಲೆ ಅರಗು ಹಾಕಲಾಗಿತ್ತು. ಬೇಕೆಂದೇ ಮಾಡಿದ ಕೆಲಸ.

‘ಇದೇನು ಸಾಹೇಬ್ರೆ?’

ಅವರು ಮೆಷಿನ್ನನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲಿನ ಹಾಗೆ ಇಟ್ಟರು.

‘ಆರು ತಿಂಗಳಿಂದ ನಮ್ಗೆ ಸುಳ್ಳು ಪ್ಲೇಟು ಕೇಳಿಸಿದ್ರಾ? ನಾನು ಎಣಿಸಿದ್ದೆಲ್ಲ ಸುಳ್ಳಾ? ನಾವು ಇಷ್ಟ ಪಟ್ಟಿದ್ದು ಅಕೇಲಾನನ್ನಲ್ಲ, ನಿಮ್ಮ ತಿರುಪನ್ನ!’ ಇನ್ನೂ ಏನೇನೋ ಅಂದೆ. ಬಾಯಿಗೆ ಬಂದದ್ದೆಲ್ಲ ಅಂದು ಮಹಡಿ ಹತ್ತಿದೆ. ಮುಂದಿನ ಭಾನುವಾರ ಇಳಿಯಲಿಲ್ಲ.

ಅಂದು ಸಂಜೆ ಜುಬೇದಕ್ಕ ಮೇಲೆ ಬಂದರು. ಬಾಗಿಲಲ್ಲಿ ನಿಂತೇ ಹೇಳಿದರು. ‘ಅವ್ರಿಗೆ ಕಿವಿ ಹೋಗ್ತಾ ಐತೆ ಟೀಚರಮ್ಮ. ದಾಕ್ಟ್ರು ಎರಡು ವರ್ಷದ ಹಿಂದೇನೇ ಹೇಳ್ಯಾರಂತೆ, ವಾಪಸ್ ಬರೋದಿಲ್ಲ ಅಂತ. ನಂಗೂ ಹೇಳಿರ್ಲಿಲ್ಲ ನೋಡ್ರಿ. ನೀವು ಬಯ್ದಿದ್ದಕ್ಕೆ ಹೊರಗೆ ಬಂತು.’

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ವರ್ಷಗಟ್ಟಲೆ ಅವರ ‘ಆಂ?’ಗೆ ನಕ್ಕವಳು ನಾನು. ಸ್ಲಿಪ್ಪರು ಕೂಡ ಹಾಕಿಕೊಳ್ಳದೆ ಕೆಳಗಿಳಿದೆ. ಸಾಹೇಬರು ತಂತಿಯ ತುದಿಗೆ ಬೆಸುಗೆ ಹಾಕುತ್ತ ಕೂತಿದ್ದರು. ಮೇಷ್ಟ್ರೂ ಅಲ್ಲೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಮಾತು ಶುರು ಮಾಡಿದರು.

‘ಮೊದ್ಲನೇ ದಿನ ನಿಮ್ಮ ಮುಖ ನೋಡ್ತಿದ್ದೆ. ಡ್ರಮ್ ನಿಂತು ಆರ್ಗನ್ ಒಂದೇ ಉಳೀತದಲ್ಲ, ಅಲ್ಲಿ ನೀವು ತಟ್ಟನೆ ತಲೆ ಎತ್ತಿದ್ರಿ. ನಂಗೆ ಅಲ್ಲಿ ಏನೂ ಇರ್ಲಿಲ್ಲ, ತೆಳ್ಳನ ದನಿ ನನ್ನ ಕಿವಿಗೆ ಬೀಳೋದಿಲ್ಲ. ಇವ್ರೇನು ಕೇಳಿದ್ರು ಅಂತ ತಡೀಲಿಲ್ಲ ನಂಗೆ. ನೀವು ಹೋದ್ಮೇಲೆ ತಿರುಪು ತಿರುವಿ ನೋಡಿದೆ. ಇಳಿಸ್ತಾ ಇಳಿಸ್ತಾ ದನಿ ದಪ್ಪ ಆತು, ಬಂತು. ಸಣ್ಣ ಗಂಟಿ. ಅದನ್ನ ಬಿಡಾಕೆ ಮನ್ಸಾಗ್ಲಿಲ್ಲ.’ ಬೆಸುಗೆಯ ಕಡ್ಡಿ ಕೆಳಗಿಟ್ಟರು. ‘ಸಾವಿರ ಲಗ್ನಕ್ಕೆ ಪ್ಲೇಟು ಹಾಕೀನಿ. ಎಲ್ಲಾ ಮಂದಿಗೆ. ಇದೊಂದೇ ನಾನು ನನಗೋಸ್ಕರ ಹಾಕಿದ್ದು.’

‘ಹಂಗೇ ಇರ್ಲಿ ಬಿಡ್ರಿ ಸಾಹೇಬ್ರೆ’ ಎಂದೆ. ‘ನಿಧಾನಕ್ಕೇ ಕೇಳೋಣ. ನಂಗೂ ಅದೇ ಇಷ್ಟ.’

‘ನನ್ನ ಷಟ್ಪದಿಗೂ ಅದೇ ಒಗ್ಗುತ್ತೆ’ ಎಂದರು ಮೇಷ್ಟ್ರು.

‘ಬ್ಯಾಡ.’ ಸಾಹೇಬರ ದನಿ ಗಟ್ಟಿಯಾಗಿತ್ತು. ‘ಇನ್ನೆರಡು ವರ್ಷಕ್ಕೆ ಈ ಗಂಟಿನೂ ಹೋಗ್ತೈತೆ. ಆಗ ಇನ್ನೂ ಇಳಿಸ್ತೀರಾ? ಆಮೇಲೆ ಇನ್ನೂ? ಒಂದಿನ ಪ್ಲೇಟು ನಿಂತೇ ಹೋಗ್ತೈತೆ. ಅಂವ ಮಾಡಿದ್ದು ಹೆಂಗೈತೋ ಹಂಗೇ ನಂಗೆ ಬೇಕು. ಕಿವಿಗೆ ಬೀಳೋದಿಲ್ಲ ಅಂದ್ರೆ ತಲಿಯಾಗೆ ಇಟ್ಕೊಂತೀನಿ. ನೀವಿಬ್ರೂ ಕಲಿಸ್ರಿ. ಸಂಕ್ರಾಂತಿ ಆದ್ಮೇಲೆ ಮತ್ತೆ ಹಾರ್ನಿನ ಪಕ್ಕ ಕುಂದ್ರಬೇಕು. ಅಷ್ಟರೊಳಗೆ ಆಗ್ಬೇಕು.’

ಅವತ್ತೇ ಅರಗು ಕೆರೆದು ತೆಗೆದೆವು. ನಾನು ಗಡಿಯಾರ ಹಿಡಿದು ಎಣಿಸಿದೆ, ಅವರು ತಿರುಪು ತಿರುವಿದರು. ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು. ಅಕೇಲಾ ಎದ್ದು ಬಿರಬಿರನೆ ನಡೆಯತೊಡಗಿದ. ಮೇಷ್ಟ್ರ ಅರ್ಧ ವ್ಯಾಖ್ಯಾನ ಅಲ್ಲೇ ಮಗುಚಿ ಬಿತ್ತು. ಬಾಗಿಲು ಹಾಕಿ ಹಿಂದೆ ನೋಡುತ್ತಿದ್ದ ಮನುಷ್ಯ ಈಗ ಹಿಂದೆ ನೋಡುತ್ತಲೇ ಇರಲಿಲ್ಲ. ‘ಈ ಓಟಕ್ಕೆ ಹಾಡಿದ್ರೆ ನನ್ನ ಕಟ್ಟಿಸಿದ ಹಲ್ಲು ಉದುರಿ ಬೀಳ್ತಾವೆ’ ಎಂದು ಗೊಣಗಿದರೂ ಅವರು ಎದ್ದು ಹೋಗಲಿಲ್ಲ.

ಉಳಿದದ್ದು ಎರಡು ವಾರ. ಭಾನುವಾರಕ್ಕೆ ಕಾಯದೆ, ಶಾಲೆ ಬಿಟ್ಟ ಕೂಡಲೇ ಚೀಲ ಸಮೇತ ಅಂಗಡಿಗೆ ಬರುತ್ತಿದ್ದೆ. ಡ್ರಮ್ಮು ಸಾಹೇಬರಿಗೆ ಚೆನ್ನಾಗಿ ಕೇಳುತ್ತಿತ್ತು, ಆರ್ಗನ್ನಿನ ದಪ್ಪ ದನಿಯೂ ಕೇಳುತ್ತಿತ್ತು. ಡ್ರಮ್ಮು ನಿಂತ ಮೇಲೆ ಒಂಬತ್ತು ಏಳುಗಳು ಕಳೆದು, ಹತ್ತನೆಯದರ ಮೊದಲ ಪೆಟ್ಟಿಗೆ ಗಂಟೆ ಬೀಳಬೇಕು. ನಾನದನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಮೇಷ್ಟ್ರು ಸಾಹೇಬರ ಮೊಣಕಾಲಿನ ಮೇಲೆ ಮೂರು ನಾಲ್ಕು, ಮೂರು ನಾಲ್ಕು ಎಂದು ತಟ್ಟಿ ತೋರಿಸಿದರು. ಲೆಕ್ಕ ಅವರಿಗೆ ಒಂದೇ ದಿನದಲ್ಲಿ ಬಂತು. ಆದರೆ ತಟ್ಟುವುದನ್ನು ನಿಲ್ಲಿಸಿ ಅವರಷ್ಟಕ್ಕೆ ಬಿಟ್ಟರೆ ಎಲ್ಲ ನಿಧಾನವಾಗುತ್ತಿತ್ತು. ಆರು ತಿಂಗಳ ಹಳೆಯ ನಡಿಗೆ ಮೈಯಲ್ಲಿ ಕೂತುಬಿಟ್ಟಿತ್ತು.

ಗಂಟೆ ಬಂದಾಗ ಬೆರಳೆತ್ತಬೇಕು ಎಂದು ಅವರೇ ನಿಯಮ ಮಾಡಿದ್ದರು. ಮೊದಲ ದಿನ ಗಂಟೆ ಬಿದ್ದು, ಮುಗಿದು, ಗಿಟಾರು ಬಂದ ಮೇಲೆ ಬೆರಳು ಎದ್ದಿತು.

‘ಬಂತಾ?’

ಹೌದು ಎನ್ನಲು ನನ್ನ ನಾಲಿಗೆ ಹೊರಳಿತ್ತು. ಮೇಷ್ಟ್ರು ಹೌದೆನ್ನಿ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ನಾನು ಎಂದೂ ತಪ್ಪು ಲೆಕ್ಕಕ್ಕೆ ಸರಿ ಗುರುತು ಹಾಕಿದವಳಲ್ಲ.

‘ಬಂದು ಹೋತು ಸಾಹೇಬ್ರೆ.’

‘ಹಿಂದಕ್ಕೆ ಹಾಕ್ರಿ. ಇನ್ನೊಂದ್ಸಾರಿ.’

ಆ ‘ಇನ್ನೊಂದ್ಸಾರಿ’ಯನ್ನು ಎಷ್ಟು ಸಲ ಕೇಳಿದೆನೋ. ಮುಳ್ಳು ಎತ್ತಿ ಎತ್ತಿ ನನ್ನ ಬೆರಳ ತುದಿ ಉರಿಯುತ್ತಿತ್ತು. ಒಂದು ದಿನ ಅವರ ಬೆರಳು ಗಂಟೆಗಿಂತ ಮೊದಲೇ ಎದ್ದಿತು. ಅವಸರ ಮಾಡಿದೆ ಎಂದು ತಮ್ಮ ತೊಡೆಗೆ ತಾವೇ ಹೊಡೆದುಕೊಂಡರು. ಇನ್ನೊಂದು ದಿನ ಬೆರಳು ಏಳಲೇ ಇಲ್ಲ. ಎದ್ದು ಹೊರಗೆ ಹೋಗಿ, ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತರು. ಅವತ್ತು ಮೇಷ್ಟ್ರಿಗೆ ತಡೆಯಲಾಗಲಿಲ್ಲ. ‘ಒಂದು ಗಂಟಿ ಸಲುವಾಗಿ ಯಾಕ್ರಿ ಹಿಂಗೆ ಜೀವ ತಿಂತೀರಿ? ಉಳಿದದ್ದೆಲ್ಲ ಕೇಳ್ತೈತಲ್ಲ’ ಎಂದರು. ‘ಉಳಿದದ್ದು ನನಗೈತೆ ಮೇಷ್ಟ್ರೆ. ಇಲ್ದಿರೋದನ್ನ ತಾನೆ ಕಲೀಬೇಕು’ ಎಂದು ಸಾಹೇಬರು ಒಳಗೆ ಬಂದು ಮತ್ತೆ ಕೂತರು. ಅಷ್ಟು ಹಟ ಮಾಡಿ ಕಲಿತ ವಿದ್ಯಾರ್ಥಿ ಮುಂದೆ ನನಗೆ ಮೂವತ್ತು ವರ್ಷದಲ್ಲಿ ಇನ್ನೊಬ್ಬರು ಸಿಗಲಿಲ್ಲ.

ಅಕೇಲಾನಿಗೆ ಕಾಗದವನ್ನೂ ಆ ದಿನಗಳಲ್ಲೇ ಬರೆದೆ. ಆರು ತಿಂಗಳು ನಿನ್ನನ್ನು ನಿಧಾನವಾಗಿ ಕೇಳಿದೆವು, ಅದೂ ಚೆನ್ನಾಗಿತ್ತು. ಈಗ ನೀನು ನಡೆಯುವ ವೇಗದಲ್ಲೇ ಕೇಳುತ್ತಿದ್ದೇವೆ ಎಂದು ಇದ್ದದ್ದು ಇದ್ದ ಹಾಗೆ. ಮೂವರೂ ಸಹಿ ಹಾಕಿದೆವು. ಉತ್ತರ ಬರಲಿಲ್ಲ. ನಾವು ಕಾಯಲೂ ಇಲ್ಲ, ನಮಗೆ ಬೇರೆ ಕೆಲಸವಿತ್ತು.

ಸಂಕ್ರಾಂತಿಯ ಹಿಂದಿನ ದಿನ ಶಾಲೆಗೆ ರಜೆ. ಮರುದಿನದಿಂದ ಲಗ್ನಗಳ ಕರೆ ಬರತೊಡಗುತ್ತದೆಂದು ಹಾರ್ನುಗಳನ್ನು ಒರೆಸಿ ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಬೆಳಗಿನ ಹತ್ತು ಗಂಟೆಯ ಬಿಸಿಲು ಅಂಗಡಿಯ ಒಳಗಿತ್ತು. ಜುಬೇದಕ್ಕ ಅಡುಗೆ ಬಿಟ್ಟು ಬಂದು ನಡುಬಾಗಿಲಲ್ಲಿ ನಿಂತರು. ‘ಇವತ್ತು ಯಾರೂ ಕಾಲು ತಟ್ಟಬ್ಯಾಡ್ರಿ, ತಲಿ ಅಲ್ಲಾಡಿಸಬ್ಯಾಡ್ರಿ, ನನ್ನ ಕಡೆ ನೋಡಬ್ಯಾಡ್ರಿ’ ಎಂದು ಅಪ್ಪಣೆ ಮಾಡಿ ಸಾಹೇಬರು ಕಣ್ಣು ಮುಚ್ಚಿದರು. ನಾನು ಮುಳ್ಳು ಇಳಿಸಿದೆ.

ಭಾರ ಹೊತ್ತವನು ಹೊರಟ. ಗಿಟಾರು ಬಂತು, ಕೊಳಲು ಬಂತು, ಡ್ರಮ್ಮು ಏರಿ ಏರಿ ಒಮ್ಮೆಲೆ ನಿಂತಿತು. ಆರ್ಗನ್ನೊಂದೇ ಉಳಿಯಿತು. ಎಣಿಸುವುದನ್ನು ನಾನೇ ಮರೆತೆ. ಸಾಹೇಬರ ಮುಖದಲ್ಲಿ ಏನೂ ಅಲುಗಲಿಲ್ಲ. ಆಮೇಲೆ ಅವರ ಬಲಗೈಯ ಬೆರಳು ಮೊಣಕಾಲಿನಿಂದ ಎದ್ದಿತು, ಅದೇ ಕ್ಷಣಕ್ಕೆ ಅಂಗಡಿಯೊಳಗೆ ಗಂಟೆ ಬಿತ್ತು.

ಮೇಷ್ಟ್ರು ಬಾಯಿಗೆ ಟವೆಲು ಒತ್ತಿಕೊಂಡರು. ನನ್ನ ಕಣ್ಣು ತುಂಬಿಬಂದದ್ದನ್ನು ನಾನು ಒರೆಸಿಕೊಳ್ಳಲಿಲ್ಲ. ಮಗ್ಗುಲು ಮುಗಿಯಿತು, ನಾನು ಮುಳ್ಳು ಎತ್ತಿದೆ. ಸಾಹೇಬರು ಕಣ್ಣು ತೆರೆದು ಮೊದಲು ಜುಬೇದಕ್ಕನನ್ನು ನೋಡಿದರು, ಆಮೇಲೆ ನನ್ನನ್ನು.

‘ಬಂತಾ ಟೀಚರಮ್ಮ?’

‘ಬಂತು ಸಾಹೇಬ್ರೆ.’

‘ನಂಗೂ ಬಂತು’ ಎಂದರು. ಕುರ್ಚಿಯನ್ನು ಮೆಷಿನ್ನಿನ ಹತ್ತಿರ ಎಳೆದುಕೊಂಡರು. ‘ತಿರುವಿ ಹಾಕ್ರಿ. ಆ ಮಗ್ಗುಲು ಪೂರ್ತಿ ಬಾಕಿ ಐತೆ.’